ಹಕ್ಕುಗಳ ಓದಿನ ಕೂಟ: ಅರ್ಧ ಜನಕ್ಕೆ ಓದು ಬಾರದ ಕಡೆ ಏನು ಓದಬೇಕು, ಹೇಗೆ ಓದಬೇಕು?

ಬಾತಿಕೆರೆ_ದಡ ಕೇಳಿದ್ದು:

ದಾವಣಗೆರೆ ಹಳೇ ಊರಿನ ಕಡೆ, ಮಂಡಕ್ಕಿ ಭಟ್ಟಿಗಳ ಹತ್ತಿರದ ಓಣಿಯಲ್ಲಿ ಒಂದು ಓದಿನ ಕೂಟ ಶುರು ಮಾಡುವ ತಯಾರಿ ನಡೆದಿದೆ. ವಿಷಯ ಮಾನವ ಹಕ್ಕು. ಬರ್ತೀವಿ ಅಂದವರು 14–15 ಮಂದಿ. ಭಟ್ಟಿಯಲ್ಲಿ ದುಡಿಯುವ ಹೆಣ್ಣುಮಕ್ಕಳು ಏಳು ಜನ, ಬೀಡಿ ಕಟ್ಟುವವರು ಇಬ್ಬರು, ಪಿಯು ಮತ್ತು ಡಿಗ್ರಿ ಓದುವ ನಾಲ್ಕೈದು ಮಕ್ಕಳು, ಒಬ್ಬರು ನಿವೃತ್ತ ಮೇಷ್ಟ್ರು. ಇವರಲ್ಲಿ ಅರ್ಧ ಜನಕ್ಕೆ ಸರಾಗವಾಗಿ ಓದಲು ಬರುವುದಿಲ್ಲ, ಮೂವರ ಮನೆಮಾತು ಉರ್ದು.

ಯಾವ ಪುಸ್ತಕದಿಂದ ಶುರು ಮಾಡಬೇಕು? ಓದು ಬಾರದವರು ಮೂಲೆಗೆ ಸರಿಯದ ಹಾಗೆ ನಡೆಸುವುದು ಹೇಗೆ? ಪ್ರತಿಗಳನ್ನು ಎಲ್ಲಿಂದ ತರುವುದು? ಇಂಥದ್ದಕ್ಕೆ ಪೊಲೀಸ್ ಪರ್ಮಿಶನ್, ನೋಂದಣಿ ಏನಾದರೂ ಬೇಕಾ? ಕೊನೆಯದು, ಮತ್ತು ಇದೇ ಹೆಚ್ಚು ಕಾಡುತ್ತಿರುವುದು: ಓದುತ್ತಾ ಓದುತ್ತಾ ಯಾರಾದರೂ "ನನಗೂ ಹಿಂಗೇ ಆಗಿದೆ" ಅಂತ ತಮ್ಮದೇ ಸಮಸ್ಯೆ ಎತ್ತಿದರೆ ಮುಂದೇನು? ಭಾಷಣದ ಕಾರ್ಯಕ್ರಮ ಆಗಬಾರದು, ಅಷ್ಟೇ ಆಸೆ.

ಓದುಗಟ್ಟೆ ಉತ್ತರ:

ಮೊದಲು ಪುಸ್ತಕದ ಯೋಚನೆ ಬಿಡ್ರಿ. ಇಂಥ ಕೂಟ ಮುರಿಯೋದು ಮೂರನೇ ವಾರಕ್ಕೆ, ಅದೂ ದಪ್ಪ ಪುಸ್ತಕದ ದೆಸೆಯಿಂದ. 300 ಪುಟದ್ದೊಂದು ಆರಿಸಿ "ಮನೇಲಿ ಓದ್ಕೊಂಡು ಬನ್ನಿ" ಅಂದರೆ ಓದಿ ಬರುವವರು ಇಬ್ಬರು, ಓದದೆ ಬಂದು ತಲೆ ತಗ್ಗಿಸಿ ಕೂರುವವರು ಆರು ಮಂದಿ. ಮುಂದಿನ ವಾರ ಆ ಆರು ಮಂದಿ ಇರುವುದಿಲ್ಲ. ಮನೆಪಾಠ ಇಲ್ಲವೇ ಇಲ್ಲ ಅಂತ ಮೊದಲ ದಿನವೇ ಹೇಳಿಬಿಡಿ. ಓದು ನಡೆಯೋದು ಅಲ್ಲೇ, ಗಟ್ಟಿಯಾಗಿ, ಎಲ್ಲರ ಕಿವಿಗೆ ಬೀಳುವ ಹಾಗೆ. ಆಗ ಅಕ್ಷರ ಬಲ್ಲವರು ಬಾರದವರು ಇಬ್ಬರೂ ಒಂದೇ ಗೆರೆಯ ಮೇಲೆ ನಿಂತಿರುತ್ತಾರೆ.

ಅಳತೆ ಹೇಳ್ತೀನಿ. ಸಾಮಾನ್ಯ ಡೆಮಿ ಅಳತೆಯ ಒಂದು ಪುಟವನ್ನು ನಿಧಾನವಾಗಿ ಓದಲು ಎರಡೂವರೆಯಿಂದ ಮೂರು ನಿಮಿಷ ಹಿಡಿಯುತ್ತದೆ. ಒಂದು ದಿನಕ್ಕೆ ಹೆಚ್ಚೆಂದರೆ ನಾಲ್ಕು ಪುಟ. ಒಮ್ಮೆ ಯಾರೂ ಅಡ್ಡ ಬಾಯಿ ಹಾಕದೆ ಪೂರ್ತಿ ಓದು, 12 ನಿಮಿಷ. ಎರಡನೇ ಸಲ ವಾಕ್ಯ ವಾಕ್ಯಕ್ಕೆ ನಿಲ್ಲಿಸಿ ಓದು, ಮಾತು ಸೇರಿ 40 ನಿಮಿಷ. ಉಳಿದದ್ದು ಚಹಾ, ಹರಟೆ, ಮುಂದಿನ ವಾರದ ದಿನ ಗೊತ್ತು ಮಾಡುವುದು. ಒಟ್ಟು 75 ನಿಮಿಷ, ಅದರ ಮೇಲೆ ಎಳೆಯಬೇಡಿ. ಭಟ್ಟಿ ಕೆಲಸದವರ ದಿನ ನಸುಕಿಗೇ ಶುರುವಾಗೋದರಿಂದ ರಾತ್ರಿ 8ರ ಹೊತ್ತಿಗೆ ಕರೆದರೆ ಬಂದವರು ತೂಕಡಿಸುತ್ತಾರೆ. ಹೊತ್ತು ಅವರೇ ಹೇಳಲಿ, ಕಾಲೇಜು ಮಕ್ಕಳು ಹೊಂದಿಕೊಳ್ಳಲಿ.

ಈಗ ಸಂವಿಧಾನದ 17ನೇ ವಿಧಿಯನ್ನೇ ತಗೊಳ್ಳಿ. ಎರಡೇ ವಾಕ್ಯ. ಸಾರ ಇಷ್ಟು: ಅಸ್ಪೃಶ್ಯತೆ ರದ್ದಾಗಿದೆ, ಯಾವುದೇ ರೂಪದಲ್ಲೂ ಅದನ್ನು ಆಚರಿಸುವ ಹಾಗಿಲ್ಲ. ಅದರ ಹೆಸರಲ್ಲಿ ಯಾರ ಮೇಲಾದರೂ ಅನರ್ಹತೆ ಹೇರಿದರೆ ಅದು ಕಾನೂನಿನ ಪ್ರಕಾರ ಶಿಕ್ಷೆಯಾಗುವ ಅಪರಾಧ. ಓದುವವರು "ಯಾವುದೇ ರೂಪದಲ್ಲೂ" ಎಂಬಲ್ಲಿ ನಿಲ್ಲಬೇಕು. ಯಾವ ಯಾವ ರೂಪ? ಕೇಳಿ, ಸುಮ್ಮನೆ ಕೂತುಬಿಡಿ. ಅರ್ಧ ನಿಮಿಷದ ಮೌನ ಬಹಳ ಉದ್ದ ಅನ್ನಿಸುತ್ತೆ, ಆದರೂ ತಡೆದುಕೊಳ್ಳಿ. ಬೇರೆ ಲೋಟ, ಕಟಿಂಗ್ ಶಾಪು, ದೇವಸ್ಥಾನದ ಮೆಟ್ಟಿಲು, ಬಾಡಿಗೆ ಮನೆ ಕೇಳಿದಾಗ "ನೀವು ಯಾವ ಪೈಕಿ" ಅನ್ನೋ ಪ್ರಶ್ನೆ, ಒಂದೊಂದಾಗಿ ಹೊರಗೆ ಬರುತ್ತವೆ. ಸಂವಿಧಾನ ಅಸ್ಪೃಶ್ಯತೆ ಅಂದರೇನು ಅಂತ ಎಲ್ಲೂ ವ್ಯಾಖ್ಯೆ ಕೊಟ್ಟಿಲ್ಲ. ಹಾಗಾಗಿ ಈ ಪಟ್ಟಿಯನ್ನು ಕೂಟವೇ ಮಾಡಬೇಕು, ಅದೇ ಆ ದಿನದ ಓದು. ಇನ್ನು "ಅನರ್ಹತೆ". ಈ ಪದ ಕೇಳಿದರೆ ಜನ ಎಲೆಕ್ಷನ್ನಿಗೆ ಅನರ್ಹ ಆದವರನ್ನು ನೆನೆಯುತ್ತಾರೆ. "ಇಲ್ಲಿ ಬರಬೇಡ, ಇದನ್ನು ಮುಟ್ಟಬೇಡ, ಇಲ್ಲಿ ಕೂರಬೇಡ ಅನ್ನೋದು" ಅಂತ ಬಿಡಿಸಿ ಹೇಳಿ. ಒಂದು ವಿಧಿಗೆ ಒಂದು ದಿನ ಪೂರ್ತಿ ಹೋದರೂ ನಷ್ಟವೇನಿಲ್ಲ.

ಕೆಲಸ ಹಂಚಿ. ಓದುವವರು ಇಬ್ಬರು, ಪ್ರಶ್ನೆ ಕೇಳುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು, ಗಡಿಯಾರ ನೋಡುವವರು ಒಬ್ಬರು. ಪ್ರಶ್ನೆ ಕೇಳುವ ಕೆಲಸ ಓದು ಬಾರದವರಿಗೇ ಮೀಸಲು, ಯಾಕೆಂದರೆ ತಿಳಿಯದ ಪದವನ್ನು ತಿಳಿದ ಹಾಗೆ ನಟಿಸುವ ಚಟ ಡಿಗ್ರಿ ಮಕ್ಕಳಿಗೇ ಜಾಸ್ತಿ. ಗಡಿಯಾರ ಮೇಷ್ಟ್ರ ಕೈಗೆ ಕೊಡಿ. ಗಡಿಯಾರ ಹಿಡಿದವರು ಮಾತಾಡೋ ಹಾಗಿಲ್ಲ ಅಂತ ನಿಯಮ ಮಾಡಿ. ಭಾಷಣದ ಭಯ ಅಲ್ಲಿಗೆ ಮುಗೀತು!

ಏನು ಓದಬೇಕು ಅಂದರೆ, ಮೊದಲ ಎರಡು ತಿಂಗಳಿಗೆ ಪುಟ್ಟ ತುಣುಕುಗಳು ಸಾಕು. ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಒಪ್ಪಿದ ಮಾನವ ಹಕ್ಕುಗಳ ಘೋಷಣೆಯಲ್ಲಿ 30 ವಿಧಿಗಳಿವೆ, ಹೆಚ್ಚಿನವು ಎರಡು ಮೂರು ಸಾಲಿನವು. ಕನ್ನಡದಲ್ಲೂ ಇದೆ, ಉರ್ದುವಿನಲ್ಲೂ ಇದೆ. ನಿಮ್ಮ ಕೂಟಕ್ಕೆ ಇದು ಅನುಕೂಲ: ಅದೇ ವಿಧಿಯನ್ನು ಉರ್ದು ಬಲ್ಲವರೊಬ್ಬರು ಓದಲಿ, ಆಮೇಲೆ ಎರಡರಲ್ಲೂ ಯಾವ ಪದ ಹಗುರ, ಯಾವುದು ಭಾರ ಅಂತ ಮಾತು ತಾನಾಗೇ ಹುಟ್ಟುತ್ತೆ. 1ನೇ ವಿಧಿ ಓದುವಾಗ ಹಂಸಾ ಮೆಹತಾ ಹೆಸರು ಹೇಳಿ. ಕರಡಿನಲ್ಲಿ ಇಂಗ್ಲಿಷಿನ "ಗಂಡಸರು" ಎಂಬರ್ಥವೂ ಬರುವ ಪದ ಇತ್ತು. ಅದನ್ನು ತೆಗೆಸಿ ಹೆಣ್ಣು ಗಂಡು ಎಲ್ಲರೂ ಬರುವ "ಮಾನವ ಜೀವಿಗಳು" ಎಂದು ಮಾಡಿಸಿದವರು ಭಾರತದ ಪ್ರತಿನಿಧಿಯಾಗಿದ್ದ ಈ ಹೆಣ್ಣುಮಗಳು. ಕನ್ನಡದ "ಮನುಷ್ಯರು" ಪದದಲ್ಲಿ ಈ ಜಗಳ ಕಾಣುವುದೇ ಇಲ್ಲ, ಬಾಯಲ್ಲಿ ಹೇಳಬೇಕು.

ಆಮೇಲೆ ಸಂವಿಧಾನದ ಪೀಠಿಕೆ, 17ನೇ ವಿಧಿ, ಬದುಕುವ ಹಕ್ಕಿನ 21, ಬಲವಂತದ ದುಡಿಮೆ ನಿಷೇಧಿಸುವ 23. ನಡುನಡುವೆ ವಚನ ಹಾಕಿ. 23ನೇ ವಿಧಿಯ ದಿನ ಆಯ್ದಕ್ಕಿ ಲಕ್ಕಮ್ಮನ ವಚನ ಜೊತೆಗಿದ್ದರೆ ದುಡಿಮೆ, ಅಗತ್ಯ, ಆಸೆ ಇವುಗಳ ಲೆಕ್ಕ ಹೆಣ್ಣುಮಕ್ಕಳ ಬಾಯಲ್ಲೇ ಬರುತ್ತೆ. ಕಥೆ, ಆತ್ಮಕಥೆ ಎಲ್ಲ ಮೂರನೇ ತಿಂಗಳಿಗೆ ಇರಲಿ.

ಕಪಾಟಿನ_ಬೀಗ ಉತ್ತರ:

ಪ್ರತಿಗಳ ವಿಷಯ. ಭಾರತ ಸಂವಿಧಾನದ ಕನ್ನಡ ಪಠ್ಯ ರಾಜ್ಯ ಸರ್ಕಾರದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಸಿಗುತ್ತೆ. ರಾಜ್ಯದ ಕಾಯ್ದೆಗಳೂ ಅಲ್ಲೇ ಇವೆ. ಇಡೀ ಪುಸ್ತಕ ಪ್ರಿಂಟ್ ಹೊಡೆಸಬೇಡಿ. ಬೇಕಾದ ವಿಧಿ ಮಾತ್ರ ಟೈಪ್ ಮಾಡಿಸಿ 8 ಪುಟದ ಕಿರುಹೊತ್ತಿಗೆ ಮಾಡಿ.

ಎ4 ಹಾಳೆ ಮಡಚಿದರೆ ನಾಲ್ಕು ಪುಟ, ಎರಡು ಹಾಳೆಗೆ ಎಂಟು. ಮೊದಲ ಹಾಳೆಯ ಒಂದು ಮಗ್ಗುಲಲ್ಲಿ 8 ಮತ್ತು 1, ಇನ್ನೊಂದು ಮಗ್ಗುಲಲ್ಲಿ 2 ಮತ್ತು 7. ಎರಡನೇ ಹಾಳೆಯಲ್ಲಿ 6 ಮತ್ತು 3, ಹಿಂದೆ 4 ಮತ್ತು 5. ಎರಡೂ ಮಗ್ಗುಲು ಪ್ರಿಂಟ್ ಮಾಡುವಾಗ "ಚಿಕ್ಕ ಅಂಚಿಗೆ ತಿರುಗಿಸಿ" ಅಂತ ಝೆರಾಕ್ಸ್ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗಿ ಬರುತ್ತೆ. 16 ಪ್ರತಿಗೆ 32 ಹಾಳೆ, 64 ಮಗ್ಗುಲು. ಮೊದಲು ಒಂದೇ ಪ್ರತಿ ತೆಗೆಸಿ, ಮಡಚಿ, ಪುಟ ಸರಿ ಇದೆಯಾ ನೋಡಿ, ಆಮೇಲೆ ಉಳಿದದ್ದು.

ಅಕ್ಷರ 16 ಪಾಯಿಂಟಿಗಿಂತ ಚಿಕ್ಕದು ಬೇಡ, ಸಾಲಿನ ನಡುವೆ ಒಂದೂವರೆ ಪಟ್ಟು ಜಾಗ ಇರಲಿ. ಬಲಗಡೆ ಅಂಚು ಸಮ ಮಾಡಲು ಹೋಗಬೇಡಿ. ಈಗಷ್ಟೇ ಕೂಡಿಸಿ ಓದಲು ಕಲಿಯುತ್ತಿರುವವರಿಗೆ ಪದಗಳ ನಡುವೆ ಒಮ್ಮೆ ಅಗಲ ಒಮ್ಮೆ ಇಕ್ಕಟ್ಟು ಆದರೆ ಪದ ಎಲ್ಲಿ ಮುಗೀತು ಗೊತ್ತಾಗಲ್ಲ. ಸಾಲಿನ ಕೊನೆಯಲ್ಲಿ ಪದ ಒಡೆಯುವುದು ಇನ್ನೂ ಕೆಟ್ಟದ್ದು. ಹಾಂ, ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಫೈಲನ್ನು ಹಾಗೇ ಅಂಗಡಿಗೆ ಕಳಿಸಿದರೆ, ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ ಕಳಿಸಿ. ಸರ್ಕಾರಿ ಪಿಡಿಎಫ್‌ನಿಂದ ಕಾಪಿ ಮಾಡಿ ಅಂಟಿಸಿದಾಗ ಒತ್ತಕ್ಷರ ಕಳಚಿ ಬೀಳೋದೂ ಇದೇ ಕಾರಣಕ್ಕೆ. ಒಬ್ಬರು ಮೂಲ ಹಿಡಿದು, ಇನ್ನೊಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡಲೇಬೇಕು. ಕಾನೂನಿನ ಪಠ್ಯದಲ್ಲಿ "ತಕ್ಕದ್ದು", "ತಕ್ಕದ್ದಲ್ಲ" ನಡುವೆ ಎರಡು ಅಕ್ಷರದ ಅಂತರ ಅಷ್ಟೇ.

ಹಕ್ಕುಸ್ವಾಮ್ಯ: ಕಾಯ್ದೆಗಳ ಪಠ್ಯಕ್ಕೆ ತೊಂದರೆಯಿಲ್ಲ. ಬೇರೆ ಪುಸ್ತಕದಿಂದ ಸ್ವಲ್ಪ ಭಾಗವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತೆ. ಇಡೀ ಪುಸ್ತಕ ಝೆರಾಕ್ಸ್ ಮಾಡಿ ಹಂಚುವುದು ಬೇರೆ ಮಾತು, ಅದು ಬೇಡ. ಅಂಬೇಡ್ಕರ್ 1956ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಅಚ್ಚಾದ ಬರಹಗಳ ಹಕ್ಕುಸ್ವಾಮ್ಯ 60 ವರ್ಷ ಕಳೆದು 2016ರ ಕೊನೆಗೆ ಮುಗಿದಿದೆ. ಆದರೆ ಕನ್ನಡ ಅನುವಾದಕ್ಕೆ ಅನುವಾದಕರದ್ದೇ ಪ್ರತ್ಯೇಕ ಹಕ್ಕು ಇರುತ್ತೆ. ಇದನ್ನು ಬಹಳ ಜನ ಮರೆಯುತ್ತಾರೆ.

ಗ್ರಂಥಾಲಯ ಬಿಡಬೇಡಿ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ವಸೂಲಾಗುವ ದುಡ್ಡು ಅದು, ನಿಮ್ಮ ಓಣಿಯವರೂ ಕೊಟ್ಟಿದ್ದಾರೆ. ನಗರ ಕೇಂದ್ರ ಗ್ರಂಥಾಲಯದ ಶಾಖೆಯಲ್ಲಿ ಭಾನುವಾರದ ಒಂದು ಗಂಟೆ ಜಾಗ ಕೇಳಿ, ಲಿಖಿತವಾಗಿ ಕೇಳಿ. ಊರಾಚೆಯ ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಪಂಚಾಯಿತಿ ಗ್ರಂಥಾಲಯ. ಅದು ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೆಳಗಿದೆ, ಹಾಗಾಗಿ ಅರ್ಜಿ ಹೋಗಬೇಕಾದ್ದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೆಸರಿಗೆ, ಪ್ರತಿ ಗ್ರಂಥಾಲಯ ಮೇಲ್ವಿಚಾರಕರಿಗೆ.

ಬೆಂಗಳೂರು ಮೈಸೂರಿಂದ ಪುಸ್ತಕ ತರಿಸುವುದಾದರೆ: ಹಳೇ ನೋಂದಾಯಿತ ಬುಕ್‌ಪೋಸ್ಟ್ ನಿಂತುಹೋಗಿದೆ. 2025ರ ಮೇ 1ರಿಂದ ಅಂಚೆ ಇಲಾಖೆಯ "ಜ್ಞಾನ ಪೋಸ್ಟ್" ಬಂದಿದೆ, 300 ಗ್ರಾಂಗೆ 20 ರೂ.ನಿಂದ ಶುರುವಾಗಿ 5 ಕೆಜಿಗೆ 100 ರೂ., ಮೇಲೆ ತೆರಿಗೆ. ರಸ್ತೆ ಮಾರ್ಗದಲ್ಲಿ ಬರುವುದರಿಂದ ನಿಧಾನ, ಹತ್ತು ದಿನ ಮುಂಚೆ ಹಾಕಿಸಿ.

ದುರ್ಗದ_ಬತೇರಿ ಉತ್ತರ:

ಓದುಗಟ್ಟೆಯವರ ಮಾತು ಓಣಿಗೆ ಸರಿ. ಎಲ್ಲ ಕಡೆಗೂ ಕಾನೂನಿನಿಂದಲೇ ಶುರು ಮಾಡಬೇಕು ಅನ್ನೋದನ್ನ ನಾನು ಒಪ್ಪಲ್ಲ. ಚಳ್ಳಕೆರೆ, ಹಿರಿಯೂರು ಕಡೆಯ ಗೊಲ್ಲರಹಟ್ಟಿ ತಗೊಳ್ಳಿ. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯಿಂದ ಹೊರಗಿಡುವ ಕಡೆ ಹೋಗಿ, ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆ ತೆಗೆದು ಮೊದಲ ದಿನವೇ ಓದಿದರೆ ಏನಾಗುತ್ತೆ? 2020ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆ ಅದು, ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಊರಾಚೆ ಇರಿಸುವುದು ಅದರ ಅನುಸೂಚಿಯಲ್ಲಿ ಇದೆ, ಎಲ್ಲ ನಿಜ. ಆದರೆ ಹಟ್ಟಿಯ ಗಂಡಸರಿಗೆ ಅದು ಕೇಳಿಸೋದು "ಕೇಸ್ ಹಾಕ್ತೀವಿ" ಅಂತ. ಎರಡನೇ ವಾರ ಹೆಣ್ಣುಮಕ್ಕಳನ್ನ ಹೊರಗೇ ಬಿಡಲ್ಲ. ಕಾಯ್ದೆ ಓದಿದವರು ಬಸ್ಸು ಹತ್ತಿ ದುರ್ಗಕ್ಕೆ ವಾಪಸ್ಸು, ಬೈಗುಳ ತಿನ್ನೋದು ಅಲ್ಲೇ ಉಳಿದವರು.

ಅಲ್ಲಿ ಬಾಗಿಲು ಬೇರೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದ ಹೇಳಿದವರು. ಆ ಸೀಮೆಯಲ್ಲಿ ಅಕ್ಷರ ಬಾರದಿರುವುದಕ್ಕೂ ತಿಳಿವಳಿಕೆಗೂ ಸಂಬಂಧ ಕಟ್ಟಿದರೆ ನಗ್ತಾರೆ. ಮೊದಲ ನಾಲ್ಕು ವಾರ ಅವರು ಪದ ಹೇಳಲಿ, ಬಂದವರು ಬರೆದುಕೊಳ್ಳಲಿ, ಬರೆದದ್ದನ್ನ ಅವರಿಗೇ ಓದಿ ಹೇಳಲಿ. ಅಕ್ಷರ ತಮ್ಮ ಮಾತನ್ನ ಹಿಡಿದಿಡುತ್ತೆ ಅಂತ ನಂಬಿಕೆ ಬಂದ ಮೇಲೆ, ಹೈಸ್ಕೂಲ್ ವಿಜ್ಞಾನ ಪುಸ್ತಕದಲ್ಲಿ ಋತುಚಕ್ರದ ಪಾಠ ಇದೆಯಲ್ಲ, ಅದನ್ನ ಹಟ್ಟಿಯದೇ ಒಬ್ಬ ಹುಡುಗಿ ಓದಲಿ. ಆಶಾ ಕಾರ್ಯಕರ್ತೆ ಪಕ್ಕದಲ್ಲಿ ಕೂತಿರಲಿ. ಕಾಯ್ದೆ ಕೊನೆಗೆ, ಅದೂ ಹೆಣ್ಣುಮಕ್ಕಳೇ "ಇದಕ್ಕೆ ಸರ್ಕಾರದ್ದು ಏನೂ ಇಲ್ವಾ" ಅಂತ ಕೇಳಿದಾಗ.

ಇನ್ನೊಂದು ಮಾತು. ದಾವಣಗೆರೆಯವರು ಹಕ್ಕುಗಳ ಚರಿತ್ರೆಯನ್ನ ಜಿನೀವಾದಿಂದ ತರಿಸಬೇಕಾಗಿಲ್ಲ, ಹರಿಹರದಿಂದ ತನ್ನಿ. 1970ರ ದಶಕದಲ್ಲಿ ಮಂತ್ರಿಯಾಗಿದ್ದು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಬಿ. ಬಸವಲಿಂಗಪ್ಪ ಹರಿಹರದವರು. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಕೂಡ ಹರಿಹರದವರೇ. 1973ರಲ್ಲಿ ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ಎದ್ದ ಗಲಾಟೆ, ಅವರ ಮಂತ್ರಿಗಿರಿ ಹೋದದ್ದು, ಅದರ ಬೆನ್ನಿಗೇ ದಲಿತ ಬರಹಗಾರರು ಒಟ್ಟುಗೂಡಿದ್ದು, ಇದೆಲ್ಲ ಪುಸ್ತಕ ಮತ್ತು ಹಕ್ಕು ಎರಡೂ ಕೂಡುವ ಜಾಗ. ಯಾವ ಪುಸ್ತಕ ಯಾರ ಬದುಕನ್ನ ಬಿಟ್ಟಿದೆ ಅನ್ನೋ ಪ್ರಶ್ನೆ ಅಲ್ಲಿಂದಲೇ ಬಂತು. ನಿಮ್ಮ ಕೂಟದಲ್ಲಿ ಒಂದು ದಿನ ಇದಕ್ಕೇ ಇಡಿ.

ಚಹಾ ಬಗ್ಗೆ ಯಾರೂ ಬರೀಲಿಲ್ಲ. ಖಾರ ಮಂಡಕ್ಕಿ, ಮಿರ್ಚಿ, ಚಹಾ ಇಲ್ಲದೆ ದಾವಣಗೆರೆಯಲ್ಲಿ ಕೂಟ ನಡೆಯಲ್ಲ, ಸರಿ. ಲೋಟ ಯಾರು ತೊಳೀತಾರೆ ನೋಡಿ. ಸರದಿ ಹಾಕದಿದ್ದರೆ ಎರಡನೇ ವಾರಕ್ಕೇ ಭಟ್ಟಿ ಹೆಣ್ಣುಮಕ್ಕಳು ತೊಳೀತಿರ್ತಾರೆ, ಡಿಗ್ರಿ ಹುಡುಗರು 17ನೇ ವಿಧಿ ಚರ್ಚೆ ಮಾಡ್ತಿರ್ತಾರೆ. ಪೇಪರ್ ಕಪ್ಪು ತಂದು ಈ ಪ್ರಶ್ನೆ ತಪ್ಪಿಸಿಕೊಳ್ಳಬೇಡಿ. ಸ್ಟೀಲ್ ಲೋಟ, ಗೋಡೆ ಮೇಲೆ ಸರದಿ ಪಟ್ಟಿ.

ಸ್ವೀಕೃತಿ_ಮೊಹರು ಉತ್ತರ:

ಪರ್ಮಿಶನ್ನು, ನೋಂದಣಿ: ಮನೆ ಜಗುಲಿಯಲ್ಲೋ ಗ್ರಂಥಾಲಯದಲ್ಲೋ ಹದಿನೈದು ಮಂದಿ ಕೂತು ಓದಲು ಯಾವ ಅನುಮತಿಯೂ ಬೇಡ. ಶಾಂತವಾಗಿ ಸೇರುವ, ಮಾತಾಡುವ ಹಕ್ಕು ಕೊಡುವ ಸಂವಿಧಾನದ 19ನೇ ವಿಧಿ ಇರುವುದೇ ಅದಕ್ಕೆ. ಮೈಕ್ ಇಟ್ಟರೆ ಪೊಲೀಸರ ಅನುಮತಿ ಬೇಕು, ಹಾಗಾಗಿ ಮೈಕ್ ಬೇಡ. ಊರಲ್ಲಿ ನಿಷೇಧಾಜ್ಞೆ ಇದ್ದ ದಿನ ಕೂಟ ಮುಂದೂಡಿ. ಮೊದಲು ಅದು ದಂಡ ಪ್ರಕ್ರಿಯಾ ಸಂಹಿತೆಯ 144, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ಸಂಘ ನೋಂದಣಿ ಬೇಕಾಗೋದು ಬ್ಯಾಂಕ್ ಖಾತೆ, ಅನುದಾನ ಬೇಕಾದಾಗ ಮಾತ್ರ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಸದಸ್ಯರು ಬೇಕು. ಮೊದಲ ವರ್ಷ ಅದರ ತಂಟೆಗೆ ಹೋಗಬೇಡಿ. ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಅನ್ನೋ ಜಗಳದಲ್ಲಿ ಓದು ಹಾಳಾಗುತ್ತೆ.

ಹಳೇ ಕರಪತ್ರಗಳ ಬಗ್ಗೆ ಎಚ್ಚರ. ಹಕ್ಕುಗಳ ಕಿರುಹೊತ್ತಿಗೆಗಳಲ್ಲಿ ಬಹುಪಾಲು ಇನ್ನೂ ಭಾರತೀಯ ದಂಡ ಸಂಹಿತೆಯ ಕಲಮುಗಳನ್ನೇ ಹೊತ್ತಿವೆ. 2024ರ ಜುಲೈ 1ರ ನಂತರದ ಘಟನೆಗೆ ಭಾರತೀಯ ನ್ಯಾಯ ಸಂಹಿತೆ. ಕಾರ್ಮಿಕ ಕಾನೂನುಗಳಿಗೂ 2025ರ ನವೆಂಬರ್ 21ರಿಂದ ನಾಲ್ಕು ಹೊಸ ಸಂಹಿತೆಗಳು ಬಂದಿವೆ. ತಪ್ಪು ಕಲಮು ಬರೆದರೆ ಅರ್ಜಿ ಸಾಯುವುದಿಲ್ಲ, ಆದರೆ ಕೌಂಟರಿನಲ್ಲಿ ಕೂತವರಿಗೆ "ಇದು ಬರಲ್ಲ ಹೋಗಮ್ಮ" ಅನ್ನಲು ನೆಪ ಸಿಗುತ್ತೆ. ಕಲಮು ಗೊತ್ತಿಲ್ಲದಿದ್ದರೆ ಬರೆಯಲೇಬೇಡಿ, ನಡೆದದ್ದನ್ನು ಬರೆಯಿರಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಯಾರಾದರೂ ತಮ್ಮದೇ ಸಂಗತಿ ಎತ್ತಿದರೆ ಆ ದಿನದ ಓದನ್ನು ಅವರ ವಿಚಾರಣೆ ಮಾಡಬೇಡಿ. "ಕೂಟ ಮುಗಿದ ಮೇಲೆ ಮಾತಾಡೋಣ" ಅನ್ನಿ, ಇಬ್ಬರೇ ಕೂತು ಕೇಳಿ, ಆ ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಅವರು ಬರೆದುಕೊಳ್ಳಿ ಅಂದರೆ ಮಾತ್ರ ಬರೆಯಿರಿ. ಏಳೆಂಟು ಸಾಲು ಸಾಕು: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು ಏನು ಮಾಡಿದರು, ಯಾರು ನೋಡಿದರು, ಕೈಯಲ್ಲಿ ಏನು ಕಾಗದ ಇದೆ, ಏನಾಗಬೇಕು. "ದೌರ್ಜನ್ಯ ಎಸಗಿರುತ್ತಾರೆ" ಅಂತ ಬರೆದರೆ ಏನೂ ತಿಳಿಯಲ್ಲ. "ಭಾನುವಾರ ಬೆಳಗ್ಗೆ ಕೂಲಿ ಕೇಳಿದ್ದಕ್ಕೆ ಚೀಲ ಎಸೆದು ಹೊರಗೆ ಹೋಗು ಅಂದರು" ಅಂತ ಬರೆದರೆ ತಿಳಿಯುತ್ತೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಸರಿ ಅಂದ ಮೇಲೆ ಸಹಿ ಅಥವಾ ಹೆಬ್ಬೆಟ್ಟು.

ಎಲ್ಲಿಗೆ ಕೊಡಬೇಕು ಅನ್ನೋದು ಸಂಗತಿಯ ಮೇಲೆ. ಗೊಂದಲವಿದ್ದರೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಕೋರ್ಟ್ ಆವರಣದಲ್ಲೇ ಇರುತ್ತೆ, ಸಹಾಯವಾಣಿ 15100. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಆದಾಯ ಪ್ರಮಾಣಪತ್ರ ತನ್ನಿ ಅಂದರೆ ಈ ಕಲಮನ್ನು ತೋರಿಸಿ. ಮಕ್ಕಳ ದುಡಿಮೆ, ಬಾಲ್ಯವಿವಾಹ ಇದ್ದರೆ 1098. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ, ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಭಟ್ಟಿಯಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ಅಂಥವರಿಗಾಗಿಯೇ ಜಿಲ್ಲೆಗೆ ಒಂದು ಸ್ಥಳೀಯ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳುತ್ತೆ. ದೂರಿಗೆ ಮೂರು ತಿಂಗಳ ಗಡುವು, ಕಾರಣ ತೋರಿಸಿದರೆ ಇನ್ನೂ ಮೂರು ತಿಂಗಳು.

ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು. ಎರಡು ಕಡೆ ಜನ ಮುಗ್ಗರಿಸುತ್ತಾರೆ. ಘಟನೆಯಾಗಿ ಒಂದು ವರ್ಷ ದಾಟಿದರೆ 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ 36ನೇ ಕಲಮು ಅಡ್ಡ ಬರುತ್ತೆ. ಅದೇ ಕಲಮಿನ ಮೊದಲ ಭಾಗ ಇನ್ನೊಂದು ಗುಂಡಿ: ಬೇರೆ ಆಯೋಗದ ಮುಂದೆ ಬಾಕಿ ಇರುವ ವಿಷಯವನ್ನು ಆಯೋಗ ಕೈಗೆತ್ತಿಕೊಳ್ಳುವ ಹಾಗಿಲ್ಲ. ಉತ್ಸಾಹದಲ್ಲಿ ದೆಹಲಿಗೆ, ಬೆಂಗಳೂರಿಗೆ, ಮಹಿಳಾ ಆಯೋಗಕ್ಕೆ ಒಂದೇ ಅರ್ಜಿಯ ಐದು ಪ್ರತಿ ಕಳಿಸಿ, ಒಂದನ್ನು ತೋರಿಸಿ ಇನ್ನೊಂದು ಮುಚ್ಚಿಹೋಗುವುದು ಇದರಿಂದಲೇ. ಒಂದು ಕಡೆ ಆರಿಸಿಕೊಳ್ಳಿ. ಅಲ್ಲದೆ ಆಯೋಗ ಸಾಮಾನ್ಯವಾಗಿ ಮುಖ ಮಾಡೋದು ಸರ್ಕಾರಿ ನೌಕರರು ಮಾಡಿದ ಅಥವಾ ತಡೆಯದೆ ಬಿಟ್ಟ ಉಲ್ಲಂಘನೆಯ ಕಡೆ. ಮಾಲೀಕ ಕೂಲಿ ಕೊಡಲಿಲ್ಲ ಅಂದರೆ ಕಾರ್ಮಿಕ ಇಲಾಖೆ, ಅಲ್ಲಿ ದೂರು ತಗೊಳ್ಳದೆ ಅಲೆದಾಡಿಸಿದರೆ ಆಗ ಆಯೋಗ.

ಮಾಹಿತಿ ಹಕ್ಕು ಅರ್ಜಿ ಬರೆಯುವುದನ್ನು ಕೂಟದಲ್ಲೇ ಕಲಿಸಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಶುಲ್ಕ 10 ರೂ., ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಉತ್ತರಕ್ಕೆ 30 ದಿನ, ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. "ಯಾಕೆ ಮಾಡಲಿಲ್ಲ" ಅಂತ ಕೇಳಬೇಡಿ, ಉತ್ತರ ಸಿಗಲ್ಲ. "ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ನಡೆದ ತಪಾಸಣಾ ವರದಿಗಳ ದೃಢೀಕೃತ ಪ್ರತಿ ಕೊಡಿ" ಅನ್ನಿ. ಯಾವ ಅರ್ಜಿಯೇ ಆಗಲಿ ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ದಿನಾಂಕ, ಸ್ವೀಕರಿಸಿದವರ ಸಹಿ ಹಾಕಿಸದೆ ಕಚೇರಿ ಬಿಟ್ಟು ಬರಬೇಡಿ. ಮೊಹರಿಲ್ಲದ ಅರ್ಜಿ ಕೊಟ್ಟಿದ್ದೂ ಒಂದೇ, ಕೊಡದಿದ್ದದ್ದೂ ಒಂದೇ. ತಗೊಳ್ಳಲ್ಲ ಅಂದರೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಕೊನೆಗೆ ಫೋಟೊ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ, ಮಕ್ಕಳ ವಿಷಯದಲ್ಲಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ) ಕಾಯ್ದೆಯ 23ನೇ ಕಲಮು. ವಾಟ್ಸಾಪ್ ಗುಂಪಿಗೆ "ಇಂದಿನ ವರದಿ" ಅಂತ ಹೆಸರು ಸಮೇತ ಹಾಕಿದರೂ ಅದೇ. ಕೂಟದ ವರದಿಯಲ್ಲಿ ಓದಿದ ಪಠ್ಯ, ಬಂದವರ ಸಂಖ್ಯೆ, ಎದ್ದ ಪ್ರಶ್ನೆ ಇಷ್ಟೇ ಇರಲಿ.

ಬಾತಿಕೆರೆ_ದಡ:

ಎಲ್ಲರಿಗೂ ಶರಣು. ಮೇಷ್ಟ್ರಿಗೆ ಗಡಿಯಾರ ಕೊಡುವ ಉಪಾಯ ಅವರಿಗೇ ಹೇಳಿ ಆಯಿತು, ನಕ್ಕು ಒಪ್ಪಿದರು. ಎರಡು ಅನುಮಾನ ಉಳಿದಿವೆ. ಒಂದು, ಕೂಟಕ್ಕೆ ಹೋಗ್ತಾರೆ ಅಂತ ಗೊತ್ತಾದರೆ ಭಟ್ಟಿಯಲ್ಲಿ ಕೆಲಸ ತಪ್ಪುತ್ತೆ ಅನ್ನೋ ಹೆದರಿಕೆ ಇದೆ. ಎರಡು, 23ನೇ ವಿಧಿಯಿಂದ ಶುರು ಮಾಡೋಣ ಅಂತ ಹೆಣ್ಣುಮಕ್ಕಳ ಅಭಿಪ್ರಾಯ. ಅದು ಜೀತದ ವಿಧಿ ಅಲ್ವಾ, ದಿನಗೂಲಿಯವರಿಗೆ ಹೇಗೆ ತಾಗಿಸುವುದು?

ಸ್ವೀಕೃತಿ_ಮೊಹರು:

ಹೆದರಿಕೆ ನಿಜವಾದದ್ದು, ಸಮಾಧಾನ ಹೇಳಿ ಸಾಗಹಾಕಬೇಡಿ. ಹಾಜರಿ ಪುಸ್ತಕ ಇಡಬೇಡಿ, ತಲೆ ಎಣಿಕೆ ಸಾಕು. ಭಟ್ಟಿಯ ಆವರಣದಲ್ಲಾಗಲಿ ಮಾಲೀಕರ ಮನೆ ಇರುವ ರಸ್ತೆಯಲ್ಲಾಗಲಿ ಸೇರಬೇಡಿ. ಬ್ಯಾನರ್ ಬೇಡ. ಅರ್ಜಿ ಕೊಡುವ ಹಂತ ಬಂದರೆ ಒಬ್ಬರ ಸಹಿಯಲ್ಲಿ ಕೊಡಬೇಡಿ, ಬೇರೆ ಬೇರೆ ಭಟ್ಟಿಯ ಐದಾರು ಮಂದಿ ಸೇರಿ ಸಹಿ ಮಾಡಿದರೆ ಯಾರೊಬ್ಬರ ಮೇಲೂ ಬೆರಳು ನಿಲ್ಲಲ್ಲ.

ಓದುಗಟ್ಟೆ:

23 ಒಳ್ಳೇ ಆಯ್ಕೆ. ಅದು ಮನುಷ್ಯರ ಮಾರಾಟ, ಬಿಟ್ಟಿ ಚಾಕರಿ, ಬಲವಂತದ ದುಡಿಮೆ ಮೂರನ್ನೂ ನಿಷೇಧಿಸುತ್ತೆ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಅಂತ ಹೇಳಿತು. ಹೊಡೆಯಬೇಕಿಲ್ಲ, ಕಟ್ಟಿಹಾಕಬೇಕಿಲ್ಲ, ಹಸಿವಿನ ಒತ್ತಡವೂ ಬಲವಂತವೇ ಅನ್ನೋದು ಆ ತೀರ್ಪಿನ ತಿರುಳು. ದಿನಗೂಲಿಯವರಿಗೆ ತಾಗೋದು ಇಲ್ಲಿಂದ.

ಓದುವಾಗ "ಬಿಟ್ಟಿ" ಪದದ ಹತ್ತಿರ ನಿಲ್ಲಿಸಿ. ಈಗ ನಾವು ಬಿಟ್ಟಿ ಅನ್ನೋದು ಪುಕ್ಕಟೆ ಸಿಕ್ಕಿದ್ದಕ್ಕೆ, "ಬಿಟ್ಟಿ ಊಟ" ಅಂತ ಉಣ್ಣುವವರನ್ನ ಬೈಯೋಕೆ. ಹಳೇ ಅರ್ಥ ಉಲ್ಟಾ, ಕೂಲಿ ಕೊಡದೆ ಒಡೆಯ ಮಾಡಿಸಿಕೊಳ್ಳುವ ಚಾಕರಿ, ಸಂಸ್ಕೃತದ ವಿಷ್ಟಿ. ಪದ ಹೇಗೆ ದುಡಿಸಿಕೊಂಡವನಿಂದ ಜಾರಿ ಉಂಡವನ ಮೇಲೆ ಬಿತ್ತು ನೋಡಿ. ಇದಿಷ್ಟು ಹೇಳಿ ಒಂದೇ ಪ್ರಶ್ನೆ ಹಾಕಿ: ಭಟ್ಟಿ ಗುಡಿಸೋದು, ಚೀಲ ಹೊಲಿಯೋದು, ಬೂದಿ ಎತ್ತಿ ಹಾಕೋದು ಕೂಲಿ ಲೆಕ್ಕಕ್ಕೆ ಬರುತ್ತಾ, ಇಲ್ಲಾ ಹಂಗೇನಾ? ಬರೆದುಕೊಳ್ಳುವವರ ಕೈಗೆ ಎರಡು ಪೆನ್ನು ಕೊಟ್ಟಿರಿ.